ಶೆಡ್ಡಿಗೊಂದು ಗಾದಿ

"ಅಕ್ಕೋರ, ಎಷ್ಟು ಮಂದಿ ಮಲಗೂ ಗಾದಿ ಬೇಕ್ರಿ?"

"ಯಾರೂ ಮಲಗೂದಿಲ್ರಿ."

"ಮತ್ತ?"

"ಶೆಡ್ಡಿಗೆ ಬೇಕಾಗೇತಿ."

"ಶೆಡ್ಡಿನ್ಯಾಗ ಹಾಸಾಕೇನ್ರಿ?"

"ಹಾಸಾಕಲ್ರಿ. ತಗಡಿನ ಕೆಳಗ ಕಟ್ಟಾಕ. ಮ್ಯಾಲ, ಮ್ಯಾಲ!"

ಫೋನಿನ ಆ ಕಡೆಯಿಂದ ಸವಣೂರಿನ ಗಾದಿ ಹೊಲಿಯುವ ಮೌಲಾಸಾಬರು ಬಹಳ ಮರ್ಯಾದೆಯಿಂದ ಕೇಳಿದರು: "ಅಕ್ಕೋರ, ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ರಿ?"

ಆರಾಮೇ ಇದ್ದೇವೆ. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹಿತ್ತಲದ ತಗಡಿನ ಶೆಡ್ಡಿಗೆ ಒಂದು ಗಾದಿ ಹೊಲಿದುಕೊಡಿ ಅಂತ ಹೈಸ್ಕೂಲಿನ ವಿಜ್ಞಾನದ ಟೀಚರು ಫೋನ್ ಮಾಡಿದರೆ ಯಾರಿಗೆ ತಾನೆ ಗಾಬರಿಯಾಗುವುದಿಲ್ಲ? (ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಹಿಂದೆ ಎಷ್ಟೇ ಆಡಿಕೊಂಡರೂ ಎದುರಿಗೆ ಮಾತ್ರ ಅಕ್ಕೋರೇ.)

ಇದು ಶುರುವಾದದ್ದು ಗಾದಿಯಿಂದಲ್ಲ. ಹೀರೇಕಾಯಿಯಿಂದ.

ನಮ್ಮ ಅತ್ತೆಯ ವಿಷಯ ನಿಮಗೆ ಹೇಳಬೇಕು. ಎಪ್ಪತ್ತಾರು ವರ್ಷ. ತವರು ಹಿರೇಕೆರೂರ ಕಡೆಯ ಒಂದು ಹಳ್ಳಿ. ಮದುವೆಯಾಗಿ ಶಿಗ್ಗಾವಿಗೆ ಬರುವಾಗ ಸೆರಗಿನ ತುದಿಯಲ್ಲಿ ಹೀರೇಕಾಯಿ ಬೀಜ ಗಂಟು ಹಾಕಿಕೊಂಡು ಬಂದವರು. ಆ ಹೀರೇಕಾಯಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗೇಣುದ್ದ, ಗಿಡ್ಡ, ದಪ್ಪ, ಏಣು ಕೈಗೆ ಚುಚ್ಚುವಷ್ಟು ಚೂಪು. ಕಾಯಿ ಪಲ್ಯ ಮಾಡಿ, ಕೆರೆದ ಏಣಿನಿಂದ ಚಟ್ನಿ ಮಾಡಿದರೆ ಎರಡು ರೊಟ್ಟಿ ತಿನ್ನುವವರು ನಾಲ್ಕು ತಿನ್ನುತ್ತಾರೆ. (ನಾನು ಐದು. ಬರೆದುಕೊಳ್ಳಬೇಡಿ.)

ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಅತ್ತೆ ಹಳೇ ಬಟ್ಟೆ ಚೂರು ಮಾಡಿ, ಒಂದೊಂದರಲ್ಲಿ ಐದೈದು ಬೀಜ ಕಟ್ಟಿ, ಓಣಿಗೆಲ್ಲ ಹಂಚುತ್ತಾರೆ. ಐದೇ ಯಾಕೆ ಅಂತ ಒಮ್ಮೆ ಕೇಳಿದ್ದೆ. "ನಮ್ಮವ್ವ ಐದು ಕೊಡ್ತಿದ್ಲು" ಅಂದರು. ಅವರವ್ವ ಯಾಕೆ ಐದು ಕೊಡುತ್ತಿದ್ದರು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಓಣಿಯಲ್ಲಿ ಅವರ ಹೆಸರೇ ಬೀಜದಾಯಿ. ಪೋಸ್ಟಿನವನಿಗೂ ಅವರ ನಿಜವಾದ ಹೆಸರು ಗೊತ್ತಿಲ್ಲ.

ಈ ಬೀಜದ ಕಾಯಿದೆ ಕಾನೂನು ಬಹಳ ಬಿಗಿ. ಒಣಗಿದ ಹೀರೇಕಾಯಿಯನ್ನು ಒಡೆಯಬಾರದು. ಬೀಜ ಕಾಯಿಯೊಳಗೇ ಇರಬೇಕು. ಕಾಯಿಯನ್ನು ಜಂತಿಗೆ, ಅಂದರೆ ಮಾಳಿಗೆಯ ಅಡ್ಡ ಕಟ್ಟಿಗೆಗೆ, ತೂಗಿ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ಕಾಯಿದೆ: ಬೀಜ ನೆಲಕ್ಕೆ ತಾಗಬಾರದು. "ಬೀಜ ನೆಲ ಮುಟ್ಟಬೇಕಂದ್ರ ಬಿತ್ತೂ ದಿನಾನ ಮುಟ್ಟಬೇಕು" ಅನ್ನುತ್ತಾರೆ ಅತ್ತೆ. ಒಮ್ಮೆ ನನ್ನ ಕೈಯಿಂದ ಒಂದು ಕಾಯಿ ಜಾರಿ ಬಿದ್ದಾಗ ಎರಡು ದಿನ ನನ್ನ ಜೊತೆ ಮಾತಾಡಿರಲಿಲ್ಲ.

ಅಂಥವರು ಈ ವರ್ಷ ಯುಗಾದಿ ಮುಗಿದ ವಾರ ಏನು ಮಾಡಿದ್ದರು ಗೊತ್ತೇ?

ಶನಿವಾರ. ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದೆ. ಹಿತ್ತಲಿಗೆ ಹೋದರೆ ಶೆಡ್ಡಿನ ಬಾಗಿಲು ತೆರೆದಿದೆ. ಒಳಗೆ ಅತ್ತೆ ಗೋಡೆಗೆ ಒರಗಿ ಕುಳಿತಿದ್ದಾರೆ. ಎದುರಿಗೆ ನೆಲದ ಮೇಲೆ, ಬರೀ ನೆಲದ ಮೇಲೆ, ಒಣ ಹೀರೇಕಾಯಿಗಳ ರಾಶಿ.

ಯಾರಿಗೋ ಏನೋ ಆಗಿದೆ ಅಂದುಕೊಂಡೆ.

"ಅತ್ತೀ, ಇದೇನ್ರಿ?"

"ಎಮ್ಮಿ ಮೇಯಸಾಂವ ಬಂದ್ರ ಕೊಟ್ಟುಬಿಡು. ತಿಪ್ಪಿಗ್ಯಾದ್ರೂ ಹಾಕ್ಲಿ."

"ಬೀಜ ನೆಲಕ್ಕ ಇಟ್ಟೀರಲ್ರಿ!"

"ಇಟ್ರೇನಾತು? ಇವೇನು ಹುಟ್ಟೂವಲ್ಲ. ನನ್ನ ಕೈಗುಣ ಹೋತವ್ವಾ."

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಹೊಸ ಸೊಸೆ ಬಂದು, "ಆಯೀ, ಈ ಸಲ ನನಗೂ ಐದು ಬೀಜ ಇಟ್ಟಿರ್ರಿ" ಅಂದಿದ್ದಳಂತೆ. ಅದಕ್ಕೆ ಅತ್ತೆ, "ನನ್ನ ಕೈಯಿಂದ ಬ್ಯಾಡವ್ವಾ, ಅಂಗಡ್ಯಾಗ ಪ್ಯಾಕೆಟ್ ಸಿಗ್ತಾವು, ತಂದು ಹಾಕ್ಕೋ" ಅಂದು ಕಳಿಸಿದ್ದಾರೆ. ಆಮೇಲೆ ಸ್ಟೂಲ್ ಹತ್ತಿ ಒಂದೊಂದೇ ಕಾಯಿ ಬಿಚ್ಚಿ ಕೆಳಗೆ ಹಾಕಿದ್ದಾರೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸ್ಟೂಲ್ ಹತ್ತಿದ್ದಕ್ಕೆ ಬೈಯಬೇಕು ಅಂದುಕೊಂಡೆ. ಅವರ ಮುಖ ನೋಡಿ ಬೈಯುವುದನ್ನು ಬಿಟ್ಟೆ.

ಯಾಕೆಂದರೆ ಅವರು ಹೇಳಿದ್ದು ನಿಜ. ಎರಡು ವರ್ಷದಿಂದ ಅವರ ಬೀಜ ಹುಟ್ಟಿರಲಿಲ್ಲ.

ಓಣಿಗೆಲ್ಲ ಗೊತ್ತಿತ್ತು. ಆದರೆ ಯಾರೂ ಹೇಳಿರಲಿಲ್ಲ. ಬೀಜದಾಯಿಗೆ ಹೋಗಿ ನಿನ್ನ ಬೀಜ ಜೊಳ್ಳು ಅನ್ನುವವರು ಯಾರು? ಹಾನಗಲ್ಲಿಗೆ ಕೊಟ್ಟ ನಮ್ಮ ನಾದಿನಿ ಅವ್ವನಿಗೆ ಫೋನಿನಲ್ಲಿ, "ಬಳ್ಳಿ ಏನ್ ಹಬ್ಬೇತಿ ಅಂತಿ, ಗ್ವಾಡಿ ಕಾಣವಲ್ದು" ಅನ್ನುತ್ತಿದ್ದಳು. ಆಮೇಲೆ ನನಗೆ ಬೇರೆ ಫೋನು: "ವೈನೀ, ಒಂದೂ ಹುಟ್ಟಿಲ್ಲ, ಅವ್ವಗ ಹೇಳಬ್ಯಾಡ." ದುಂಡಸಿಗೆ ಕೊಟ್ಟ ಎದುರುಮನೆ ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ. ಸಂತೆಯ ಹೀರೇಕಾಯಿ ಕೊಂಡು ತಂದು, "ಆಯೀ, ನಿಮ್ಮ ಬೀಜದ್ದ ನೋಡ್ರಿ" ಅಂತ ಕೊಟ್ಟು ಹೋಗಿದ್ದಳು.

ಮತ್ತು ನಾನು? ನನ್ನದನ್ನೂ ಹೇಳಿಬಿಡುತ್ತೇನೆ. ಅತ್ತೆ ಊರಿದ ಬೀಜ ಎಂಟು ದಿನವಾದರೂ ಮೊಳೆಯದಿದ್ದಾಗ, ಅವರು ಮಧ್ಯಾಹ್ನ ಮಲಗಿದ ಹೊತ್ತು ನೋಡಿ, ಅದೇ ಗುಣಿಗಳಲ್ಲಿ ಪ್ಯಾಕೆಟ್ಟಿನ ಬೀಜ ಊರಿದೆ. ಎರಡೂ ವರ್ಷ ಊರಿದೆ. ಬಳ್ಳಿ ಬಂತು, ಕಾಯಿ ಬಂತು, ಪಲ್ಯ ಬಂತು. "ನಿಮ್ಮ ಬೀಜದ್ದ ಅತ್ತೀ" ಅಂತ ತಟ್ಟೆಗೆ ಬಡಿಸಿದವಳೂ ನಾನೇ. ಅತ್ತೆ ಏನೂ ಅನ್ನದೆ ಉಂಡರು. (ಸುಳ್ಳು ಹೇಳಬಾರದು ಅಂತ ವರ್ಷಕ್ಕೆ ಮುನ್ನೂರು ಸಲ ಕ್ಲಾಸಿನಲ್ಲಿ ಹೇಳುತ್ತೇನೆ. ಸಂಬಳ ಕೊಡುವುದೇ ಅದಕ್ಕೆ.)

ಹಾಗಾದರೆ ಬೀಜ ಹುಟ್ಟುತ್ತಿಲ್ಲ ಅಂತ ಇವರಿಗೆ ಹೇಳಿದವರು ಯಾರು? ಅದು ನನಗೆ ಆ ದಿನ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದು ಕೂತಿತ್ತು. ಐವತ್ತು ವರ್ಷ ಹುಟ್ಟಿದ ಬೀಜಕ್ಕೆ ಎರಡೇ ವರ್ಷದಲ್ಲಿ ಆದದ್ದೇನು?

ಕಾಯಿಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಎತ್ತಿಟ್ಟೆ. ಅತ್ತೆಯನ್ನು ಒಳಗೆ ಕಳಿಸಿದೆ. ಆಮೇಲೆ ಅದೇ ಸ್ಟೂಲ್ ಹತ್ತಿ, ಅವರು ಕಾಯಿ ಬಿಚ್ಚಿದ ಜಾಗ ನೋಡೋಣ ಅಂತ ಕೈ ಮೇಲೆ ಮಾಡಿದೆ.

ಅಬ್ಬಬ್ಬಾ! ಕೈ ಹಿಂದೆ ತೆಗೆದೆ.

ಮಧ್ಯಾಹ್ನ ಎರಡು ಗಂಟೆ. ಚೈತ್ರದ ಬಿಸಿಲು. ತಗಡಿಗೂ ನನ್ನ ತಲೆಗೂ ಒಂದು ಗೇಣು ಅಂತರ. ರೊಟ್ಟಿ ಹಂಚಿನ ಮುಂದೆ ಮುಖ ಇಟ್ಟ ಹಾಗಾಯಿತು. ಕೆಳಗೆ ನಿಂತಾಗ ಸೆಖೆ ಅನ್ನಿಸಿತ್ತು, ಅಷ್ಟೇ. ಮೇಲಿನದು ಬೇರೆಯೇ ಲೋಕ.

ಸೋಮವಾರ ಶಾಲೆಯ ಲ್ಯಾಬಿನಿಂದ ಥರ್ಮಾಮೀಟರ್ ತಂದೆ. (ಹೆಡ್‌ಮಾಸ್ತರರಿಗೆ ಹೇಳಿಯೇ ತಂದೆ. ಒಡೆಯದೆ ವಾಪಸ್ ಕೊಟ್ಟೆ.) ನೆಲದ ಹತ್ತಿರ ಇಟ್ಟರೆ ಮೂವತ್ತೆಂಟು. ಅತ್ತೆ ಕಾಯಿ ಕಟ್ಟುತ್ತಿದ್ದ ಪೈಪಿಗೆ ತೂಗಿಬಿಟ್ಟರೆ ಪಾದರಸ ಐವತ್ತರ ಗೆರೆ ದಾಟಿ ಇನ್ನೂ ಏರುತ್ತಿತ್ತು. ನನಗೇ ಹೆದರಿಕೆಯಾಗಿ ಇಳಿಸಿದೆ.

ಆಗ ಹೊಳೆಯಿತು ನೋಡಿ.

ಮೂರು ವರ್ಷದ ಹಿಂದಿನವರೆಗೂ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಸಾಗವಾನಿ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೊಣಕಾಲುದ್ದ ಮಣ್ಣು. ಪ್ರತಿ ಬೇಸಿಗೆಯ ಕೊನೆಗೆ, ಮಳೆಗೆ ಸೋರದ ಹಾಗೆ, ಮೇಲೆ ಕರಲು ಮಣ್ಣು ಹರವಿ ತುಳಿಸುತ್ತಿದ್ದೆವು. ಅಂಥ ಮನೆಯಲ್ಲಿ ಜಂತಿಯ ಹತ್ತಿರವೇ ತಂಪು. ಒಲೆಯ ಹೊಗೆ ಅಲ್ಲಿಗೇ ಹೋಗುತ್ತಿತ್ತು, ಹುಳ ಸುಳಿಯುತ್ತಿರಲಿಲ್ಲ. ಇಲಿಗೆ ಎಟುಕುತ್ತಿರಲಿಲ್ಲ. ಬೀಜಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಮನೆಯಲ್ಲೇ ಇರಲಿಲ್ಲ.

ಆ ಮನೆ ಕೆಡವಿದೆವು. ಸ್ಲ್ಯಾಬಿನ ಮನೆ ಕಟ್ಟಿದೆವು. (ಅದೇ ವರ್ಷ ಶಾಲೆಯ ಮಕ್ಕಳನ್ನು, ಹಳ್ಳಿ ಮನೆಗಳ ಮಾದರಿ ಕಟ್ಟಿಟ್ಟ ಗೊಟಗೋಡಿಯ ತೋಟಕ್ಕೆ ಟ್ರಿಪ್ ಕರೆದುಕೊಂಡು ಹೋಗಿ, ಹಳೇ ಕಾಲದ ಮನೆ ಹೇಗಿತ್ತು ನೋಡ್ರಿ ಅಂತ ತೋರಿಸಿ, ಫೋಟೊ ಹೊಡೆಸಿಕೊಂಡು ಬಂದೆ. ನನ್ನ ಬುದ್ಧಿಗೆ ಏನು ಹೇಳಬೇಕು?) ಸ್ಲ್ಯಾಬಿನಲ್ಲಿ ಜಂತಿ ಇಲ್ಲ, ಮೊಳೆ ಇಳಿಯುವುದಿಲ್ಲ, ಫ್ಯಾನಿನ ಕೊಂಡಿ ಬಿಟ್ಟರೆ ತೂಗಿಬಿಡಲು ಏನೂ ಇಲ್ಲ. ಅತ್ತೆ ಮನೆಯೆಲ್ಲ ಹುಡುಕಿದರು. ಕೊನೆಗೆ ಗುದ್ದಲಿ, ಸಲಿಕೆ, ನೀರಿನ ಪೈಪು ಇಡಲು ಹಿತ್ತಲಲ್ಲಿ ಹಾಕಿಸಿದ್ದ ತಗಡಿನ ಶೆಡ್ಡು ಕಣ್ಣಿಗೆ ಬಿತ್ತು. ಅಲ್ಲಿ ತಗಡಿನ ಕೆಳಗೆ ಅಡ್ಡ ಪೈಪುಗಳಿದ್ದವು. ಜಂತಿಯ ಹಾಗೇ ಕಂಡವು. ಹಳೇ ಮನೆಯಲ್ಲಿ ಬೆಳೆದು ಕೂಡಿಟ್ಟಿದ್ದ ಕಾಯಿಗಳನ್ನೆಲ್ಲ ಅಲ್ಲಿ ಕಟ್ಟಿದರು. ಹಳೇ ಮನೆಯಲ್ಲಿ ಯಾವುದು ಎಲ್ಲಕ್ಕಿಂತ ತಂಪು ಜಾಗವೋ, ಇಲ್ಲಿ ಅದೇ ಎಲ್ಲಕ್ಕಿಂತ ಸುಡುವ ಜಾಗ!

ಅತ್ತೆ ತಪ್ಪು ಮಾಡಿರಲಿಲ್ಲ. ಅವರವ್ವ ಕಲಿಸಿದ್ದನ್ನು ಒಂದು ಕೂದಲೂ ಬಿಡದೆ ಸರಿಯಾಗಿ ಮಾಡಿದ್ದರು. ಮನೆ ಬದಲಾಗಿತ್ತು, ಅಷ್ಟೇ.

ಓಡಿ ಹೋಗಿ ಹೇಳಿದೆ. "ಅತ್ತೀ, ಕೈಗುಣ ಅಲ್ರಿ, ತಗಡಿನ ಗುಣ!"

ನಂಬಬೇಕಲ್ಲ? "ತಗಡಿಗೇನು ಕೈ ಅದಾವೇನು ಬೀಜ ಕೊಲ್ಲಾಕ? ಸುಮ್ನ ನನಗ ಸಮಾಧಾನ ಮಾಡಬ್ಯಾಡ."

"ಹಂಗಾರ ಮುಂದಿನ ಸಲ ಫ್ರಿಜ್ಜಿನ್ಯಾಗ ಇಡೂಣ್ರಿ. ಹುಟ್ತಾವೋ ಇಲ್ಲೋ ನೋಡೂಣು."

"ಹೆಣ ಇಡೂ ಪೆಟ್ಟಿಗ್ಯಾಗ ಬೀಜ ಇಡ್ತಾರೇನ? ನಿನಗ ಓದಿಸಿದಾವ್ರು ಯಾರು?"

ಮುಗಿಯಿತು. ಬೀಜ ಮೇಲೆಯೇ ಇರಬೇಕು, ತೂಗುತ್ತಲೇ ಇರಬೇಕು. ಇದನ್ನು ಬದಲಿಸಲು ನನ್ನಿಂದಾಗದು. ಬದಲಾಗಬೇಕಾದದ್ದು ಮೇಲಿನ ತಗಡು ಒಂದೇ.

ಮೊದಲು ನಮ್ಮ ಮನೆಯವರು ಮುಂದೆ ಬಂದರು. ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ವೈರ್ ಸುತ್ತುವವರೆಲ್ಲ ತಮ್ಮನ್ನು ಇಂಜಿನಿಯರ್ ಅಂದುಕೊಂಡಿರುತ್ತಾರೆ. "ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂತಿ?" ಅಂತ ಥರ್ಮಾಕೋಲ್ ಹಾಳೆ ತಂದು, ತಗಡಿನ ಒಳಮೈಗೆ ಗಮ್ ಹಚ್ಚಿ ಅಂಟಿಸಿದರು. ಬೆಳ್ಳಗೆ, ನೋಡಲು ಚೆಂದ. ಎಂಟನೇ ದಿನ ಮಧ್ಯಾಹ್ನ ಗಮ್ ಕರಗಿ, ಅತ್ತೆ ಗುದ್ದಲಿ ತೆಗೆದುಕೊಳ್ಳಲು ಹೋದಾಗ ಒಂದು ಹಾಳೆ ಸರಿಯಾಗಿ ಅವರ ತಲೆಯ ಮೇಲೆ ಬಿತ್ತು. ಪೆಟ್ಟಾಗಲಿಲ್ಲ. ಆದರೆ ಅತ್ತೆ ಮಗನಿಗೆ ಹೇಳಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಉಳಿದ ಹಾಳೆಗಳನ್ನು ಅಳಿಲು ಕಡಿದು ಹಿತ್ತಲ ತುಂಬ ಬಿಳಿ ಕಾಳು ಚೆಲ್ಲಿತು.

ಉತ್ತರ ಸಿಕ್ಕದ್ದು ಮಾತ್ರ ಕ್ಲಾಸಿನಲ್ಲಿ. ವರ್ಷದ ಕೊನೆಯ ರಿವಿಜನ್. "ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಕಂಬಳಿ ಹೆಚ್ಚು ಬೆಚ್ಚಗಿರುತ್ತವೆ, ಏಕೆ?" ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಗೆ ಬೋರ್ಡಿನ ಮೇಲೆ ಉತ್ತರ ಬರೆಸುತ್ತಿದ್ದೇನೆ: ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲ. ಆ ದಿನ ಬರೆಯುತ್ತಾ ಬರೆಯುತ್ತಾ ಸೀಮೆಸುಣ್ಣ ಹಿಡಿದ ಕೈ ನಿಂತಿತು. ಬೆಚ್ಚಗೆ ಇಡುವ ವಸ್ತು ಶಾಖವನ್ನು ಹೊರಗೆ ಬಿಡದಿದ್ದರೆ, ಒಳಗೂ ಬಿಡುವುದಿಲ್ಲ ತಾನೆ? ಗಾಳಿಯನ್ನು ಹಿಡಿದು ಕೂರಿಸುವುದು ಯಾರಿಗೆ ಗೊತ್ತು? ಹತ್ತಿ ಹಿಂಜುವವರಿಗೆ!

ಸಂಜೆಯೇ ಮೌಲಾಸಾಬರಿಗೆ ಫೋನು. ಮೇಲೆ ಬರೆದ ಮಾತುಕತೆ ಅದೇ.

ಮೌಲಾಸಾಬರು ಅರವತ್ತು ದಾಟಿದ ಮನುಷ್ಯ. ಅವರಪ್ಪ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರು. ಇವರು ಲಗೇಜ್ ಆಟೋದಲ್ಲಿ ಮಷಿನ್ ಇಟ್ಟುಕೊಂಡು ಊರೂರು ತಿರುಗುತ್ತಾರೆ. ಎಲ್ಲರೂ ಫೋಮಿನ ಹಾಸಿಗೆ ಕೊಳ್ಳುವ ಕಾಲ, ಕೆಲಸ ಕಡಿಮೆ. ಗಾದಿ ತಗಡಿಗೆ ಅಂತ ಗೊತ್ತಿದ್ದೂ ಮರುದಿನವೇ ಬಂದರು. ಶೆಡ್ಡಿನೊಳಗೆ ಹೋಗಿ, ಮೇಲೆ ಅಂಗೈ ಇಟ್ಟು, ತಟ್ಟನೆ ತೆಗೆದರು.

"ತೊಟ್ಟಲಕ್ಕ ಹೊಲದೇನಿ, ಟ್ರ್ಯಾಕ್ಟರ್ ಸೀಟಿಗೆ ಹೊಲದೇನಿ. ತಗಡಿಗೆ ಇದ ಮೊದಲು ನೋಡ್ರಿ ಅಕ್ಕೋರ."

"ಆಗ್ತೈತೇನ್ರಿ?"

"ಯಾಕಾಗೂದಿಲ್ರಿ? ಆದ್ರ ಗಟ್ಟಿ ತುಂಬೂ ಹಂಗಿಲ್ಲ. ಮಲಗಾಂವಗ ಗಟ್ಟಿ ಬೇಕು, ಬಿಸಲಿಗೆ ಪೊಳ್ಳ ಬೇಕು. ಬಿಸಲು ತಡಿಯೂದು ಹತ್ತಿ ಅಲ್ರಿ. ಹತ್ತ್ಯಾಗ ಕುಂತ ಗಾಳಿ."

ನಾನು ಇಪ್ಪತ್ತಾರು ವರ್ಷದಿಂದ ಬೋರ್ಡಿನ ಮೇಲೆ ಬರೆದದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿ ಬೀಡಿ ಹಚ್ಚಲು ಹೊರಗೆ ಹೋದರು. (ಹತ್ತಿಯ ಹತ್ತಿರ ಬೀಡಿ ಹಚ್ಚಬಾರದು ಅನ್ನುವುದೂ ಅವರ ಕಾಯಿದೆಯೇ.)

ಹಳೇ ಮನೆಯಿಂದ ತಂದ ನಾಲ್ಕು ಗಾದಿ ಅಟ್ಟದ ಮೇಲೆ ಬಿದ್ದಿದ್ದವು. ಹತ್ತಿ ಗಂಟುಗಂಟಾಗಿ ಕಲ್ಲಿನ ಹಾಗಾಗಿತ್ತು. ಅದನ್ನೆಲ್ಲ ಬಿಚ್ಚಿ ಮಷಿನ್ನಿಗೆ ಹಾಕಿದರು. ನಾಲ್ಕು ಗಾದಿಯ ಹತ್ತಿ ಉಬ್ಬಿ ಉಬ್ಬಿ ಅಂಗಳದ ತುಂಬ ಆಯಿತು. ನನ್ನ ಹಳೇ ಕಾಟನ್ ಸೀರೆಗಳು ಗವಸಣಿಗೆಯಾದವು. ನಾಲ್ಕು ಬೆರಳು ದಪ್ಪದ, ಅಗಲ ಕಿರಿದಾದ ಆರು ಗಾದಿ. ಇಲಿಗೆ ಹೇಸಿಗೆಯಾಗಲಿ ಅಂತ ಹತ್ತಿಯ ಜೊತೆ ಒಣ ಬೇವಿನ ಎಲೆ ತುಂಬಿದರು.

"ತಗಡಿಗೆ ತಾಗಿಸಿ ಕಟ್ಟೂಣೇನ್ರಿ?" ಅಂತ ನಮ್ಮ ಮನೆಯವರು ಏಣಿ ಹಿಡಿದು ಕೇಳಿದರು.

"ಬ್ಯಾಡ್ರಿ ಸರ. ಥಂಡ್ಯಾಗ ಮುಂಜಾನೆ ತಗಡು ಬೆವರತೈತಿ. ಹತ್ತಿ ತೋಯ್ದ್ರ ಕೆಲಸ ಕೆಟ್ಟಂಗ. ನಡುವ ಒಂದ್ ಗೇಣು ಬಿಡ್ರಿ. ಎರಡೂ ತುದಿಗೆ ಗಾಳಿ ಆಡ್ಲಿ."

ಹಾಗಾದರೆ ಗಾದಿ ನಿಲ್ಲುವುದು ಯಾವುದರ ಮೇಲೆ? ಪೈಪಿನಿಂದ ಪೈಪಿಗೆ ಮಂಚದ ನವಾರು ಪಟ್ಟಿ ಹೆಣೆದರು. ಅದರ ಮೇಲೆ ಗಾದಿ ಹಾಸಿದರು. ಗಾದಿಯ ಮೇಲೆ ಹನಿ ಬೀಳದ ಹಾಗೆ ಒಂದು ಹಳೇ ಫ್ಲೆಕ್ಸ್ ಬ್ಯಾನರ್ ಹೊದಿಸಿದರು. ಯಾರಿಗೋ ಯಾರೋ ಹುಟ್ಟುಹಬ್ಬದ ಶುಭಾಶಯ ಕೋರಿ ಕೈಮುಗಿದು ನಗುತ್ತಿರುವ ಬ್ಯಾನರು. ಈಗ ಅದು ಕತ್ತಲಲ್ಲಿ ತಗಡಿಗೆ ಕೈಮುಗಿಯುತ್ತಿದೆ. ಗಾದಿಯ ಕೆಳಗೆ, ಕೈಗೆ ಎಟುಕುವ ಹಾಗೆ, ಅತ್ತೆಗೆಂದು ಒಂದು ಬಿದಿರಿನ ಗಳ ಕಟ್ಟಿದರು. ಜಂತಿಯ ಬದಲು ಜಂತಿ.

ಇಷ್ಟೂ ಹೊತ್ತು ಅತ್ತೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಚಹಾ ಕೊಟ್ಟಾಗ ಮೌಲಾಸಾಬರೇ ಮಾತು ತೆಗೆದರು.

"ಆಯಾರ, ಈ ಸಲ ಹೀರಿ ಬೀಜ ಕಟ್ಟಿಲ್ಲೇನ್ರಿ?"

"ಕೈ ಕೆಟ್ಟೇತೋ ತಮ್ಮಾ."

"ಏ, ಏನ್ ಮಾತಂತ ಆಡ್ತೀರಿ! ಹಳೇ ಮನಿ ಇದ್ದಾಗ ಗಾದಿ ಮಾಡಾಕ ಬಂದಿದ್ದೆ, ನೆನಪೈತೇನ್ರಿ? ಐದು ಬೀಜ ಸೀರಿ ಚೂರಿನ್ಯಾಗ ಕಟ್ಟಿ ಕೊಟ್ಟಿದ್ರಿ. ಇವತ್ತಿನ ತನಕ ನಮ್ಮ ಮನ್ಯಾಗ ಅದ ಬಳ್ಳಿ. ವರ್ಷಾ ಹಬ್ಬತೈತಿ."

ಅತ್ತೆ ನಗಲಿಲ್ಲ. "ಎಲ್ಲಾರೂ ಹಂಗ ಅಂತಾರ" ಅಂದರು.

ಮೌಲಾಸಾಬರಿಗೆ ಸಿಟ್ಟು ಬಂತು. ಹೌದು, ಸಿಟ್ಟೇ. ಚಹಾದ ಕಪ್ಪು ಕೆಳಗಿಟ್ಟು, "ನಾ ಯಾಕ ಸುಳ್ಳ ಹೇಳ್ಲಿ? ನಾಳೆ ತಂದು ತೋರಸ್ತೇನಿ" ಅಂತ ಎದ್ದು ಹೋದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದರು. ಕೈಯಲ್ಲಿ ದಿಂಬಿನ ಗವಸಣಿಗೆ. ಒಳಗೆ ಹತ್ತಿ, ಹತ್ತಿಯ ನಡುವೆ ಒಣಗಿದ ಒಂದು ಹೀರೇಕಾಯಿ. ಅವರ ಹೆಂಡತಿ ಬೀಜ ಇಡುವುದು ಹಾಗೆಯೇ ಅಂತೆ, ಹತ್ತಿ ಮೂಟೆಯ ಹೊಟ್ಟೆಯಲ್ಲಿ.

ಅತ್ತೆ ಕಾಯಿ ಕೈಗೆ ತೆಗೆದುಕೊಂಡರು. ಗೇಣಿನಿಂದ ಅಳೆದರು. ಏಣಿನ ಮೇಲೆ ಬೆರಳು ಓಡಿಸಿದರು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಗಲಗಲ ಸದ್ದು ಕೇಳಿತು. ಅವರ ಕಣ್ಣಲ್ಲಿ ನೀರು ಬಂತು.

"ನಮ್ಮವ್ವನ ಹೀರಿಕಾಯಿ" ಅಂದರು.

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ವಿಜ್ಞಾನದ ಅಕ್ಕೋರು, ನೋಡಿ! ಈ ಬೀಜ ಹುಟ್ಟಿದರೆ ಮೌಲಾಸಾಬರ ಹೆಂಡತಿಯ ಕೈಗುಣ ಅನ್ನುತ್ತಾರೆ. ಅತ್ತೆಯ ಕೈ ಪಾರಾಗುವುದು ಹೇಗೆ? ಅದಕ್ಕೆ ಒಂದು ಉಪಾಯ ಮಾಡಿದೆ. ಅತ್ತೆಯೇ ಕಾಯಿ ಒಡೆದು, ಅತ್ತೆಯೇ ಬೀಜ ಆರಿಸಿ, ಅತ್ತೆಯೇ ಎರಡು ಗಂಟು ಕಟ್ಟಬೇಕು. ಒಂದು ಗಂಟು ಗಾದಿಯ ಮೇಲೆ, ತಗಡಿಗೆ ತಾಗಿ. ಇನ್ನೊಂದು ಗಾದಿಯ ಕೆಳಗೆ, ಗಳಕ್ಕೆ. ಒಂದೇ ಕೈ, ಒಂದೇ ಕಾಯಿ, ಒಂದೇ ಶೆಡ್ಡು. ನಡುವೆ ಗಾದಿ ಮಾತ್ರ.

"ಮ್ಯಾಲಿನ್ವು ಸಾಯ್ತಾವಂತ ಗೊತ್ತೈತಿ ನಿನಗ?"

"ಸಾಯ್ತಾವಂತ ನಾ ಅಂತೇನಿ. ನೀವು ನಂಬವಲ್ರಿ."

"ಗೊತ್ತಿದ್ದೂ ಬೀಜ ಸುಡೂದಾ? ಪಾಪ ಬರೂದಿಲ್ಲೇನ?"

ಗಂಟಿಗೆ ಹತ್ತು ಹತ್ತು ಬೀಜ ಅಂದಿದ್ದೆ. ಚೌಕಾಶಿ ನಡೆದು ಐದಕ್ಕೆ ಇಳಿಯಿತು. ಐದು ಮೇಲೆ, ಐದು ಕೆಳಗೆ. ಮೇಲಿನ ಗಂಟು ಕಟ್ಟುವಾಗ ಅತ್ತೆ ಅದಕ್ಕೆ ಎರಡು ಬೆರಳಿನಿಂದ ನಮಸ್ಕಾರ ಮಾಡಿದರು. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ಆಗ ನಿಜವಾಗಿ ಅನುಮಾನ ಬಂತು. ನನ್ನ ಲೆಕ್ಕ ತಪ್ಪಿದರೆ? ಕೆಳಗಿನವೂ ಹುಟ್ಟದಿದ್ದರೆ? ಆಗ ಇವರ ಕೈ ಕೆಟ್ಟಿದೆ ಅಂತ ನಾನೇ ಸಾಬೀತು ಮಾಡಿದ ಹಾಗಾಗುತ್ತದೆ.

ಆ ಬೇಸಿಗೆ ನಾನು ಶೆಡ್ಡಿಗೆ ಹೋಗಿ ಬಂದಷ್ಟು ದೇವಸ್ಥಾನಕ್ಕೂ ಹೋಗಿಲ್ಲ. ಗಳದ ಹತ್ತಿರ ಥರ್ಮಾಮೀಟರ್ ಮೂವತ್ತೊಂಬತ್ತು ದಾಟಲಿಲ್ಲ. ಮೇಲಿನದನ್ನು ನೋಡುವ ಮನಸ್ಸಾಗಲಿಲ್ಲ. ಅತ್ತೆ ಮಾತ್ರ ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ತಗಡಿನ ಕಡೆ ನೋಡುತ್ತಿದ್ದರು. ಮೇ ತಿಂಗಳ ಕೊನೆಗೆ ಮೊದಲ ಅಡ್ಡಮಳೆ ಬಿತ್ತು. ಹಿಂದೆ ಆ ತಗಡಿನ ಮೇಲೆ ಮಳೆ ಬಿದ್ದರೆ ಒಳಗಿದ್ದವರ ಮಾತು ಕೇಳುತ್ತಿರಲಿಲ್ಲ. ಈಗ ಯಾರೋ ಮೇಲಿನಿಂದ ಕಾಳು ಚೆಲ್ಲಿದ ಹಾಗೆ ಮೆಲ್ಲನೆ ಕೇಳಿತು.

ಎರಡೂ ಗಂಟು ಇಳಿಸಿದೆವು. ಎರಡು ತಟ್ಟೆ, ಎರಡು ಹಸಿ ಬಟ್ಟೆ. ಒಂದು ದಿನ, ಎರಡು ದಿನ, ಮೂರು ದಿನ. ಏನೂ ಇಲ್ಲ. ನಾಲ್ಕನೆಯ ದಿನವೂ ಏನೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿದರು.

"ಶೋಭಾ! ಏ ಶೋಭಾ, ಬಾ ಇಲ್ಲೆ!"

ಕೆಳಗಿನ ಗಂಟಿನ ಬಟ್ಟೆ ಬಿಚ್ಚಿ ಕುಳಿತಿದ್ದರು. ಐದರಲ್ಲಿ ನಾಲ್ಕಕ್ಕೆ ಬಿಳಿ ಮೊಳಕೆ. ಐದನೆಯದೂ ಬಾಯಿ ಬಿಟ್ಟಿತ್ತು. ಮೇಲಿನ ಗಂಟಿನದು? ಎರಡು ದಿನ ಹೆಚ್ಚೇ ಕಾದೆವು. ಒಂದು ಉಬ್ಬಿ ಕೊಳೆಯಿತು. ಉಳಿದ ನಾಲ್ಕು ಇದ್ದ ಹಾಗೇ ಇದ್ದವು.

"ಎರಡೂ ಗಂಟು ಕಟ್ಟಿದ್ದು ಯಾರ್ರಿ ಅತ್ತೀ?"

ಅತ್ತೆ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. "ಎರಡು ವರ್ಷ ಈ ಕೈಗೆ ಬೈದೇನಿ" ಅಂದರು.

ಇನ್ನು ನನಗೆ ತಡೆಯಲಾಗಲಿಲ್ಲ.

"ಅತ್ತೀ, ನಾನೊಂದು ತಪ್ಪು ಮಾಡೇನಿ. ಹ್ವಾದ ವರ್ಷದ ಹೀರಿಕಾಯಿ..."

"ಪ್ಯಾಕೆಟ್ಟಿನ್ವು."

"ಗೊತ್ತಿತ್ತೇನ್ರಿ?"

"ಮೊದಲ್ನೇ ತುತ್ತಿಗೆ ಗೊತ್ತಾತು. ನಮ್ಮ ಹೀರಿ ಮೊಳ ಉದ್ದ ಯಾವಾಗ ಬೆಳದೇತಿ? ಅದರ ಆಚಿ ವರ್ಷದ್ದೂ ನಿಂದ. ಆ ದುಂಡಸಿ ಹುಡುಗಿ ತಂದಿದ್ದೂ ಸಂತೀದು."

"ಮತ್ತ ಯಾಕ ಸುಮ್ಮನಿದ್ರಿ?"

"ನೀ ಯಾಕ ಸುಮ್ಮನಿದ್ದಿ?"

ಅತ್ತೆಯೇ ಹೇಳಿದರು. "ಬೀಜ ಹುಟ್ಟಲಿಲ್ಲಂದ್ರ ಮಂದಿ ಬಂದು ಬೈತಾರ. ಮೊದಲೂ ಒಂದೆರಡು ಸಲ ಹುಟ್ಟಿದ್ದಿಲ್ಲ, ಬಾಗಲಕ್ಕ ಬಂದು ಬೈದಿದ್ರು. ನಾನೂ ತಿರುಗಿ ಬೈದಿದ್ದೆ. ಬ್ಯಾರೆ ಕಾಯಿ ಒಡದು ಕೊಟ್ಟಿದ್ದೆ. ಮುಗೀತು. ಈ ಸಲ ಒಬ್ಬರೂ ಬೈಲಿಲ್ಲ. ನೀ ಸೈತ ನಕ್ಕೋತ ಬಡಿಸಿದಿ. ಇಷ್ಟು ಮಂದಿ ಕೂಡಿ ಮುಚ್ಚಾಕತ್ತಾರಂದ್ರ, ಕೆಟ್ಟಿದ್ದು ಬೀಜ ಅಲ್ಲ, ನಾನ ಅನ್ಕೊಂಡೆ."

ಮೊದಲ ವರ್ಷವೇ ಯಾರಾದರೂ ಒಬ್ಬರು ಬಾಗಿಲಿಗೆ ಬಂದು ಬೈದಿದ್ದರೆ, ಆ ವರ್ಷವೇ ಯಾರಾದರೂ ತಗಡಿನ ಕಡೆ ತಲೆಯೆತ್ತಿ ನೋಡುತ್ತಿದ್ದೆವು. ಅಕ್ಕರೆ ಅಂದುಕೊಂಡು ನಾವು ಮಾಡಿದ್ದು ಇದು. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಹೋದ ವಾರ ಅತ್ತೆ ಮೌಲಾಸಾಬರ ಕಾಯಿಯ ಉಳಿದ ಬೀಜ ಓಣಿಗೆ ಹಂಚಿದರು. ಪಕ್ಕದ ಮನೆಯ ಹೊಸ ಸೊಸೆಯನ್ನು ಮೊದಲು ಕರೆದು ಕೊಟ್ಟರು. ಹಾನಗಲ್ಲಿಗೆ ಬಸ್ಸಿನಲ್ಲಿ ಒಂದು ಗಂಟು ಹೋಯಿತು, ದುಂಡಸಿಗೆ ಒಂದು. ಎಂದಿನ ಹಾಗೆ ಐದೈದು. ಈ ಸಲ ಪ್ರತಿ ಗಂಟಿನ ಜೊತೆ ಹೊಸದೊಂದು ಕರಾರು: "ಹುಟ್ಟಲಿಲ್ಲಂದ್ರ ಬಂದು ಬೈಬೇಕು. ಬೈಯಾಕ ಆಗೂದಿಲ್ಲಂದ್ರ ಬೀಜ ಇಲ್ಲೇ ಇಟ್ಟು ಹೋಗು."

ನನಗೂ ಐದು ಕೊಟ್ಟಿದ್ದರು. ನಾಲ್ಕು ಹುಟ್ಟಿವೆ.

ಐದನೆಯದಕ್ಕೆ ಬೈದು ಬರಲು ಈಗ ಹೊರಟಿದ್ದೇನೆ.